ರೋಬಾಟ್ ಅಲ್ಲವೆಂದು ತೋರಿಸಲು ‘ಅಲೋ’ ಒತ್ತಬೇಕಿಲ್ಲ

ಮಾನ್ಯ ಸಂಪಾದಕರೇ,

‘ಫೋನಿಗೆ ವೈರಸ್ ಬಂದೈತ್ರಿ, ಪೂರಾ ಅಳಿಸಿ ಕೊಡ್ರಿ’ ಎಂದು ನಮ್ಮ ಭಾಗದ ರಿಪೇರಿ ಅಂಗಡಿಗಳಿಗೆ ಬರುವ ಎಷ್ಟೋ ಮೊಬೈಲ್‌ಗಳಲ್ಲಿ ವೈರಸ್ಸೇ ಇರುವುದಿಲ್ಲ. ಫೋನಿನ ಮಾಲೀಕರು ಗೊತ್ತಿಲ್ಲದೆ ‘ಅಲೋ’ (Allow, ಅಂದರೆ ಅನುಮತಿಸಿ) ಗುಂಡಿ ಒತ್ತಿ ಯಾವುದೋ ವೆಬ್‌ಸೈಟಿಗೆ ಕೊಟ್ಟ ನೋಟಿಫಿಕೇಶನ್ ಅನುಮತಿ, ಅಂದರೆ ಪರದೆಯ ಮೇಲೆ ಸಂದೇಶ ತೋರಿಸುವ ಅನುಮತಿ ಇರುತ್ತದೆ, ಅಷ್ಟೆ. ಅದನ್ನು ವಾಪಸ್ ಪಡೆಯಲು ಎರಡು ನಿಮಿಷ ಸಾಕು. ಆ್ಯಪ್ ಬೇಡ, ದುಡ್ಡೂ ಬೇಡ. ಇದು ತಿಳಿಯದೆ ಜನ ಫೋನ್ ರೀಸೆಟ್ ಮಾಡಿಸಿ ಮಕ್ಕಳ ಫೋಟೊ, ವಾಟ್ಸ್‌ಆ್ಯಪ್‌ನಲ್ಲಿ ಉಳಿಸಿಕೊಂಡ ಪಹಣಿ, ಪಾಸ್‌ಬುಕ್ಕಿನ ಚಿತ್ರ ಎಲ್ಲ ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ಆ ನೋಟಿಫಿಕೇಶನ್ನೇ ಹೇಳಿದಂತೆ ‘ವೈರಸ್ ಕ್ಲೀನರ್’ ಹಾಕಿಕೊಂಡು, ಇಲ್ಲದ ತೊಂದರೆ ಬಿಡಿಸಿಕೊಳ್ಳಲು ಹೋಗಿ ನಿಜವಾದ ತೊಂದರೆಗೆ ಸಿಕ್ಕಿಬೀಳುತ್ತಾರೆ. ಇದನ್ನು ಬಿಡಿಸಿ ಹೇಳಲು ಈ ಪತ್ರ. ಕೊನೆಯಲ್ಲಿ ತಮ್ಮ ಪತ್ರಿಕೆಗೂ ಒಂದು ಮನವಿ ಇದೆ.

ಮೋಸ ಶುರುವಾಗುವುದು ಜನ ಅವಸರದಲ್ಲಿ ಏನನ್ನಾದರೂ ಹುಡುಕುವ ಹೊತ್ತಿನಲ್ಲಿ. ಎಸ್ಸೆಸ್ಸೆಲ್ಸಿ ಫಲಿತಾಂಶ, ಹಳೆಯ ಪ್ರಶ್ನೆಪತ್ರಿಕೆಯ ಪಿಡಿಎಫ್, ಐಪಿಎಲ್ ಪಂದ್ಯದ ಪುಕ್ಕಟೆ ಲೈವ್, ಗೃಹಲಕ್ಷ್ಮಿ ಹಣ ಜಮಾ ಆಯಿತೋ ಇಲ್ಲವೋ, ರಾಯಚೂರಿನ ಹತ್ತಿ ದರ, ಬ್ಯಾಡಗಿಯ ಮೆಣಸಿನಕಾಯಿ ದರ, ಮಳೆಗಾಲ ಬಂತೆಂದರೆ ಟಿ.ಬಿ. (ತುಂಗಭದ್ರಾ) ಡ್ಯಾಂ ನೀರಿನ ಮಟ್ಟ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಂಥ ಸಂದರ್ಭದಲ್ಲಿ ಯಾವ ಕೊಂಡಿ (ಲಿಂಕ್) ಯಾರದ್ದು ಎಂದು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಹುಡುಕಾಟದಲ್ಲಿ ಸಿಕ್ಕ ಕೊಂಡಿಯನ್ನೋ, ಟೆಲಿಗ್ರಾಂ ಗುಂಪಿನಲ್ಲಿ ಬಂದ ಕಿರುಕೊಂಡಿಯನ್ನೋ, ಪುಕ್ಕಟೆ ಸಿನಿಮಾ ಪುಟದ ‘ಡೌನ್‌ಲೋಡ್’ ಗುಂಡಿಯನ್ನೋ ಒತ್ತಿದರೆ ಎರಡು ಮೂರು ಪುಟ ತಾವಾಗಿಯೇ ಬದಲಾಗಿ, ಕೊನೆಗೆ ಹೆಚ್ಚುಕಮ್ಮಿ ಖಾಲಿ ಇರುವ ಒಂದು ಪುಟ ನಿಲ್ಲುತ್ತದೆ. ನಡುವೆ ರೋಬಾಟ್ ಚಿತ್ರ ಅಥವಾ ಸುತ್ತುತ್ತಲೇ ಇರುವ ಚಕ್ರ. ‘ನೀವು ರೋಬಾಟ್ ಅಲ್ಲವೆಂದು ಖಚಿತಪಡಿಸಲು ಅಲೋ ಒತ್ತಿ’, ‘ವಿಡಿಯೊ ನೋಡಲು ಅಲೋ ಒತ್ತಿ’, ‘18 ವರ್ಷ ತುಂಬಿದ್ದರೆ ಅಲೋ ಒತ್ತಿ’, ಹೀಗೆ ಏನಾದರೊಂದು ಬರಹ. ಜೊತೆಗೆ ಗುಂಡಿ ಎಲ್ಲಿದೆ ಎಂದು ತೋರಿಸುವ ದೊಡ್ಡ ಬಾಣ.

ಇಲ್ಲಿ ಓದುಗರು ಗಮನಿಸಬೇಕಾದದ್ದು ಒಂದಿದೆ. ಪರದೆಯ ಮೇಲೆ ಆಗ ಇರುವುದು ಬೇರೆ ಬೇರೆಯವರು ಬರೆದ ಎರಡು ಬರಹ. ರೋಬಾಟ್, ಬಾಣ, ಚಕ್ರ ಇವೆಲ್ಲ ವೆಬ್‌ಸೈಟ್ ಬರೆದದ್ದು. ಅಲ್ಲಿ ಅದು ಏನು ಬೇಕಾದರೂ ಬರೆಯಬಹುದು. ಅದರ ಮೇಲೆ ತೇಲುವ ಚಿಕ್ಕ ಪೆಟ್ಟಿಗೆ ಮಾತ್ರ ಬ್ರೌಸರ್‌ನದ್ದು, ಅಂದರೆ ವೆಬ್‌ಸೈಟ್ ತೆರೆಯುವ ಕ್ರೋಮ್‌ನಂಥ ಆ್ಯಪ್‌ನದ್ದು. ಅದರೊಳಗಿನ ಒಂದಕ್ಷರವನ್ನೂ ವೆಬ್‌ಸೈಟ್ ಬದಲಿಸಲಾರದು. ಅದರಲ್ಲಿ ಸೈಟಿನ ವಿಳಾಸ ಇರುತ್ತದೆ, ‘ನಿಮಗೆ ನೋಟಿಫಿಕೇಶನ್ ಕಳುಹಿಸಲು ಬಯಸುತ್ತದೆ’ ಎಂಬ ಅರ್ಥದ ಒಂದು ಸಾಲು ಇರುತ್ತದೆ, ಕೆಳಗೆ ‘ಬ್ಲಾಕ್’ ಮತ್ತು ‘ಅಲೋ’. ಫೋನ್ ಭಾಷೆ ಕನ್ನಡಕ್ಕಿದ್ದರೆ ‘ಅಧಿಸೂಚನೆಗಳು’, ‘ನಿರ್ಬಂಧಿಸಿ’, ‘ಅನುಮತಿಸಿ’ ಎಂಬಂಥ ಪದಗಳು ಕಾಣುತ್ತವೆ. ರೋಬಾಟ್ ಮಾತು ಆ ಪೆಟ್ಟಿಗೆಯಲ್ಲಿ ಎಲ್ಲೂ ಇರುವುದಿಲ್ಲ. ನಿಜವಾದ ರೋಬಾಟ್ ಪರೀಕ್ಷೆ, ಅಂದರೆ ಚೌಕದಲ್ಲಿ ಟಿಕ್ ಹಾಕುವುದು, ಬಸ್ಸು, ಸಿಗ್ನಲ್ ದೀಪದ ಚಿತ್ರ ಆರಿಸುವುದು, ಇವೆಲ್ಲ ಪುಟದೊಳಗೇ ನಡೆಯುತ್ತವೆ. ಬ್ರೌಸರ್‌ನ ಅನುಮತಿ ಪೆಟ್ಟಿಗೆಯಲ್ಲಿ ಅವು ಯಾವತ್ತೂ ಬರುವುದಿಲ್ಲ. ವಿಡಿಯೊ ಓಡಲು, ಫೈಲ್ ಇಳಿಯಲು, ಫಲಿತಾಂಶ ತೋರಿಸಲು ನೋಟಿಫಿಕೇಶನ್ ಅನುಮತಿ ತಾಂತ್ರಿಕವಾಗಿ ಬೇಕಾಗಿಯೇ ಇಲ್ಲ. ಆದ್ದರಿಂದ ಪುಟ ಏನು ಹೇಳುತ್ತದೆ ಎಂದು ನೋಡದೆ ಪೆಟ್ಟಿಗೆ ಏನು ಕೇಳುತ್ತಿದೆ ಎಂದಷ್ಟೇ ಓದಿದರೂ ಈ ಮೋಸ ಅಲ್ಲಿಗೇ ಬಯಲಾಗುತ್ತದೆ.

‘ಬ್ಲಾಕ್ ಒತ್ತಿದರೂ ಬಿಡದೆ ಮತ್ತೆ ಮತ್ತೆ ಕೇಳುತ್ತದೆ’ ಎಂಬ ದೂರು ಸಾಮಾನ್ಯ. ಕಾರಣ ಇಷ್ಟೇ: ಬ್ರೌಸರ್ ಅನುಮತಿಯ ಲೆಕ್ಕ ಇಡುವುದು ಪೂರ್ತಿ ವಿಳಾಸಕ್ಕೆ. ಒಂದೇ ಡೊಮೈನ್‌ನ (ಸೈಟಿನ ಮೂಲ ಹೆಸರಿನ) ಮುಂದೆ ‘ಎ1’, ‘ಎ2’, ‘ಎ3’ ಎಂದು ಸೇರಿಸಿದರೆ ಬ್ರೌಸರ್ ಪಾಲಿಗೆ ಅವು ಮೂರು ಬೇರೆ ಸೈಟುಗಳು. ಮೊದಲನೆಯದಕ್ಕೆ ನೀವು ಬ್ಲಾಕ್ ಒತ್ತಿದ ತಕ್ಷಣ ಪುಟ ಎರಡನೆಯದಕ್ಕೆ ಜಿಗಿದು ಹೊಸದಾಗಿ ಕೇಳುತ್ತದೆ. ಬೇಸತ್ತು ಅಲೋ ಒತ್ತುವವರೆಗೂ ಇದು ನಿಲ್ಲುವುದಿಲ್ಲ. ಹಿಂದಕ್ಕೆ ಹೋಗುವ ಗುಂಡಿಯೂ ಕೆಲಸಕ್ಕೆ ಬಾರದಂತೆ ಬ್ರೌಸರ್ ಇತಿಹಾಸದಲ್ಲಿ ತಮ್ಮದೇ ಪುಟಗಳನ್ನು ತುರುಕಿರುತ್ತಾರೆ. ಅಲ್ಲಿ ಏನನ್ನೂ ಒತ್ತುವುದು ಬೇಡ. ಕ್ರೋಮ್‌ನ ಮೇಲ್ಭಾಗದಲ್ಲಿ ಸಂಖ್ಯೆ ಬರೆದ ಚಿಕ್ಕ ಚೌಕವಿದೆಯಲ್ಲ, ಅದನ್ನು ಒತ್ತಿ ಆ ಟ್ಯಾಬನ್ನು (ತೆರೆದಿರುವ ಆ ಪುಟವನ್ನು) ಪಕ್ಕಕ್ಕೆ ತಳ್ಳಿಬಿಡಿ. ಪುಟ ಇಡೀ ಪರದೆ ತುಂಬಿಕೊಂಡು ಚೌಕ ಕಾಣದಿದ್ದರೆ ಹೋಮ್‌ಗೆ ಹೋಗಿ ಮತ್ತೆ ಕ್ರೋಮ್ ತೆರೆದರೆ ಕಾಣುತ್ತದೆ. ಟ್ಯಾಬ್ ಮುಚ್ಚದೆ ಕ್ರೋಮನ್ನಷ್ಟೇ ಮುಚ್ಚಿದರೆ ಮುಂದಿನ ಸಲ ಅದೇ ಪುಟ ಎದುರಿಗೆ ಬರುತ್ತದೆ.

ಅಲೋ ಒತ್ತಿದ ಮೇಲೆ ಏನಾಗುತ್ತದೆ? ಆ ಸೈಟು ಬ್ರೌಸರ್‌ನೊಳಗೆ ಸರ್ವಿಸ್ ವರ್ಕರ್ ಎಂಬ ಸಣ್ಣ ಪ್ರೋಗ್ರಾಂ ಒಂದನ್ನು ಬಿಟ್ಟುಹೋಗುತ್ತದೆ. ಕ್ರೋಮ್ ಆದರೆ ಗೂಗಲ್‌ನ ಪುಶ್ ಸರ್ವರ್‌ನಲ್ಲಿ (ನೋಟಿಫಿಕೇಶನ್ ತಲುಪಿಸುವ ಕಂಪ್ಯೂಟರ್‌ನಲ್ಲಿ), ಫೈರ್‌ಫಾಕ್ಸ್ ಆದರೆ ಮೊಜಿಲ್ಲಾದ ಸರ್ವರ್‌ನಲ್ಲಿ ಆ ಬ್ರೌಸರ್‌ಗೆಂದೇ ಒಂದು ವಿಳಾಸ ನೋಂದಣಿಯಾಗುತ್ತದೆ. ಆ ವಿಳಾಸ ಸೈಟಿನವರ ಕೈಗೆ ಸೇರುತ್ತದೆ. ಮುಂದೆ ನೀವು ಆ ಸೈಟಿಗೆ ಕಾಲಿಡದಿದ್ದರೂ, ಟ್ಯಾಬ್ ಮುಚ್ಚಿದ್ದರೂ, ಡೇಟಾ ಆನ್ ಇದ್ದರೆ ಸಾಕು, ಅವರು ಕಳಿಸಿದ್ದು ಪರದೆಯ ಮೇಲೆ ಬರುತ್ತದೆ. ಸಂದೇಶ ಗೂಢಲಿಪಿಯಲ್ಲಿ ಬರುವುದರಿಂದ ನಡುವಿನ ಪುಶ್ ಸರ್ವರ್ ಅದನ್ನು ಓದಿ ತಡೆಯುವ ಮಾತಿಲ್ಲ. ಪ್ರಾಮಾಣಿಕ ಸೈಟುಗಳ ಸಂದೇಶಗಳ ಗುಟ್ಟು ಕಾಯುವ ವ್ಯವಸ್ಥೆ ಇಲ್ಲಿ ಕಳ್ಳರಿಗೂ ನೆರಳಾಗಿದೆ. ದಂಧೆಯ ಹಣ ಬರುವುದು ಜಾಹೀರಾತಿನಿಂದ. ಒತ್ತಿದ್ದಕ್ಕೆ ಇಷ್ಟು, ಆ್ಯಪ್ ಹಾಕಿಸಿದ್ದಕ್ಕೆ ಇಷ್ಟು ಎಂದು ಕಮಿಷನ್ ಇರುತ್ತದೆ. ಬೆಟ್ಟಿಂಗ್ ಆ್ಯಪ್, ದಿಢೀರ್ ಸಾಲ, ಮನೆಯಲ್ಲೇ ಕೂತು ಕೆಲಸ, ಅಶ್ಲೀಲ ಚಿತ್ರ, ನಕಲಿ ಆಂಟಿವೈರಸ್ ಎಚ್ಚರಿಕೆ ಎಲ್ಲವೂ ಒಂದೇ ಪಟ್ಟಿಯಿಂದ ಬರುತ್ತವೆ.

ಇಂಥದ್ದೊಂದು ನೋಟಿಫಿಕೇಶನ್ನನ್ನು ಹತ್ತಿರದಿಂದ ನೋಡಿ. ಹಸಿರು ವೃತ್ತದೊಳಗೆ ಬಿಳಿ ರಿಸೀವರ್ ಚಿತ್ರ, ದಪ್ಪಕ್ಷರದಲ್ಲಿ ‘1 ಮಿಸ್ಡ್ ವಾಯ್ಸ್ ಕಾಲ್’, ಅದರಡಿ ‘ಕೇಳಲು ಒತ್ತಿ’. ವಾಟ್ಸ್‌ಆ್ಯಪ್ ಎಂದೇ ಅನಿಸುತ್ತದೆ. ಶೀರ್ಷಿಕೆ, ಬರಹ, ಚಿತ್ರ ಮೂರನ್ನೂ ಕಳಿಸುವವರೇ ಆರಿಸುತ್ತಾರೆ. ಅವರ ಕೈಗೆ ಸಿಗದ ಜಾಗ ಒಂದೇ, ಸಣ್ಣ ಬೂದು ಅಕ್ಷರದ ಸಾಲು. ಅದರಲ್ಲಿ ‘ಕ್ರೋಮ್’ ಎಂಬ ಹೆಸರು ಮತ್ತು ಸೈಟಿನ ವಿಳಾಸ ಇರುತ್ತದೆ. ಪೂರ್ತಿ ಕಾಣದಿದ್ದರೆ ನೋಟಿಫಿಕೇಶನ್ನಿನ ಬಲಕ್ಕಿರುವ ಕೆಳಬಾಣ ಒತ್ತಿ ಬಿಡಿಸಿಕೊಳ್ಳಿ. ವಾಟ್ಸ್‌ಆ್ಯಪ್ ಕರೆ ಕ್ರೋಮ್ ಹೆಸರಿನಲ್ಲಿ ಬರಲು ಸಾಧ್ಯವಿಲ್ಲ. ‘ನಿಮ್ಮ ಫೋನಿನಲ್ಲಿ 5 ವೈರಸ್ ಇವೆ, ಬ್ಯಾಟರಿ ಹಾಳಾಗುತ್ತಿದೆ’ ಎನ್ನುವುದೂ ಹಾಗೆಯೇ. ವೆಬ್‌ಸೈಟೊಂದಕ್ಕೆ ನಿಮ್ಮ ಫೋನನ್ನು ಸ್ಕ್ಯಾನ್ ಮಾಡುವ ದಾರಿಯೇ ಇಲ್ಲ. ಇನ್ನೊಂದು ಎಚ್ಚರಿಕೆ: ನೋಟಿಫಿಕೇಶನ್ನಿನ ಅಡಿಯಲ್ಲಿ ಗುಂಡಿಗಳನ್ನು ಇಡುವ ಅವಕಾಶ ಸೈಟುಗಳಿಗಿದೆ. ಅದಕ್ಕೆ ‘ಬಂದ್ ಮಾಡಿ’, ‘ಅನ್‌ಸಬ್‌ಸ್ಕ್ರೈಬ್’ ಎಂದು ಹೆಸರಿಟ್ಟು ತಮ್ಮ ಪುಟಕ್ಕೇ ಎಳೆದುಕೊಳ್ಳಬಹುದು. ಹೊಸ ಕ್ರೋಮ್ ತಾನೇ ಕೊಡುವ ಅನ್‌ಸಬ್‌ಸ್ಕ್ರೈಬ್ ಗುಂಡಿ ನಿಜವಾದದ್ದೇ. ಆದರೆ ಎರಡರ ವ್ಯತ್ಯಾಸ ಎಲ್ಲರಿಗೂ ತಿಳಿಯುವಂಥದ್ದಲ್ಲ. ಹಾಗಾಗಿ ಬಂದ್ ಮಾಡುವುದನ್ನು ಸೆಟ್ಟಿಂಗ್ಸ್‌ನಲ್ಲೇ ಮಾಡಿ.

ಹೆದರಿದವರಿಗೆ ಮೊದಲು ಹೇಳಬೇಕಾದ ಮಾತು: ಬರೀ ನೋಟಿಫಿಕೇಶನ್‌ಗೆ ಅಲೋ ಒತ್ತಿದ್ದರಿಂದ ನಿಮ್ಮ ಎಸ್‌ಎಂಎಸ್, ಫೋಟೊ, ಸಂಪರ್ಕ ಸಂಖ್ಯೆಗಳು, ಬ್ಯಾಂಕ್ ಆ್ಯಪ್ ಯಾವುದೂ ಅವರ ಕೈಗೆ ಹೋಗಿಲ್ಲ. ಪರದೆಯ ಮೇಲೆ ಸಂದೇಶ ತೋರಿಸುವ ಹಕ್ಕು ಮಾತ್ರ ಹೋಗಿದೆ. ಅಪಾಯ ಇರುವುದು ಆ ಸಂದೇಶ ಒತ್ತಿ ಮುಂದೆ ಮಾಡುವ ಕೆಲಸದಲ್ಲಿ.

ಆಂಡ್ರಾಯ್ಡ್ ಫೋನಿನಲ್ಲಿ ಬಿಡಿಸಿಕೊಳ್ಳುವ ಬಗೆ ಹೀಗಿದೆ. ಕ್ರೋಮ್ ತೆರೆದು ಬಲತುದಿಯ ಮೂರು ಚುಕ್ಕೆ ಒತ್ತಿ ‘ಸೆಟ್ಟಿಂಗ್ಸ್’ಗೆ ಹೋಗಿ. ಕೆಳಗೆ ಸರಿಸಿದರೆ ‘ಸೈಟ್ ಸೆಟ್ಟಿಂಗ್ಸ್’, ಅದರೊಳಗೆ ‘ನೋಟಿಫಿಕೇಶನ್ಸ್’. ಅಲ್ಲಿ ಅನುಮತಿ ಪಡೆದ ಸೈಟುಗಳ ಪಟ್ಟಿ ಬರುತ್ತದೆ. ಗುರುತಿಲ್ಲದ ಹೆಸರು, ಅರ್ಥವಿಲ್ಲದ ಅಕ್ಷರಗಳ ಸಾಲು, ಒಂದೇ ಹೆಸರು ಬೇರೆ ಬೇರೆ ಅಂಕಿಯೊಂದಿಗೆ ನಾಲ್ಕೈದು ಸಲ ಕಂಡರೆ ಅವೇ ಕಳ್ಳರು. ಒಂದೊಂದನ್ನೇ ಒತ್ತಿ ಬ್ಲಾಕ್ ಮಾಡಿ. ಒಂದನ್ನು ತೆಗೆದು ಉಳಿದದ್ದು ಬಿಟ್ಟರೆ ಕಾಟ ನಿಲ್ಲುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ. ಅದೇ ಪುಟದ ಮೇಲ್ಭಾಗದಲ್ಲಿ ಸೈಟುಗಳು ಅನುಮತಿ ಕೇಳಬಹುದೋ ಬೇಡವೋ ಎಂಬ ಸ್ವಿಚ್ ಇದೆ. ಅದನ್ನು ಆಫ್ ಮಾಡಿದರೆ ಮುಂದೆ ಯಾವ ಸೈಟೂ ಕೇಳುವುದೇ ಇಲ್ಲ. ಮನೆಯ ಹಿರಿಯರ ಫೋನಿನಲ್ಲಿ ಇದನ್ನು ಇವತ್ತೇ ಮಾಡಿಕೊಡಿ. ಅವರಿಗೆ ಇದರಿಂದ ಏನೂ ನಷ್ಟವಿಲ್ಲ. ವಾಟ್ಸ್‌ಆ್ಯಪ್, ಫೋನ್‌ಪೇ, ಬ್ಯಾಂಕ್ ಆ್ಯಪ್‌ಗಳ ಸಂದೇಶ ಎಂದಿನಂತೆ ಬರುತ್ತವೆ. ಅವುಗಳ ಅನುಮತಿಯೇ ಬೇರೆ.

ಈ ದಾರಿ ಸಿಗದಿದ್ದರೆ ಕಾಟ ಕೊಡುವ ನೋಟಿಫಿಕೇಶನ್ ಬಂದಾಗ ಅದನ್ನು ತೆರೆಯದೆ ಬೆರಳನ್ನು ಅದರ ಮೇಲೆ ಒತ್ತಿ ಹಿಡಿಯಿರಿ. ಬರುವ ಚಿಕ್ಕ ಪಟ್ಟಿಯಲ್ಲಿ ಆ ಸೈಟನ್ನು ಆಫ್ ಮಾಡುವ ಆಯ್ಕೆ ಇರುತ್ತದೆ. ಬ್ರೌಸರ್ ಇತಿಹಾಸ ಅಳಿಸುವುದು ಇದಕ್ಕೆ ಮದ್ದಲ್ಲ. ಹಿಸ್ಟರಿ ಹೋದರೂ ಕೊಟ್ಟ ಅನುಮತಿ ಹಾಗೇ ಉಳಿಯುತ್ತದೆ. ಆಂಟಿವೈರಸ್‌ಗೂ ಇದರಲ್ಲಿ ಹಿಡಿಯಲು ಏನೂ ಸಿಗದು, ಏಕೆಂದರೆ ಯಾವ ಆ್ಯಪೂ ಫೋನಿಗೆ ಇಳಿದಿರುವುದಿಲ್ಲ. ಬೇರೆ ಬ್ರೌಸರ್ ಬಳಸುವವರು ಆಯಾ ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲೇ ಇದೇ ಪಟ್ಟಿ ಹುಡುಕಬೇಕು. ಕ್ರೋಮ್‌ನಲ್ಲಿ ತೆಗೆದದ್ದು ಅಲ್ಲಿಗೆ ಅನ್ವಯಿಸುವುದಿಲ್ಲ.

ನೋಟಿಫಿಕೇಶನ್ ಅಲ್ಲದೆ, ಬೇರೆ ಆ್ಯಪ್ ಬಳಸುವಾಗ ಇಡೀ ಪರದೆ ತುಂಬ ಜಾಹೀರಾತು ಹಾರಿ ಬರುತ್ತಿದ್ದರೆ ಅದು ಬೇರೆ ರೋಗ. ಇತ್ತೀಚೆಗೆ ಹಾಕಿಕೊಂಡ ಟಾರ್ಚ್, ಕ್ಲೀನರ್, ವಾಲ್‌ಪೇಪರ್ ತರಹದ ಆ್ಯಪ್‌ಗಳ ಮೇಲೆ ಅನುಮಾನ ಪಡಬೇಕು. ಐಫೋನಿನಲ್ಲಿ ಸಫಾರಿ ಮೂಲಕ ತೆರೆದ ಮಾಮೂಲಿ ಪುಟ ಈ ಅನುಮತಿ ಕೇಳಲಾರದು. 2023ರ ಮಾರ್ಚ್‌ನಲ್ಲಿ ಬಂದ ಐಒಎಸ್ 16.4ರಿಂದ ಈಚೆಗೆ, ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡ ಸೈಟುಗಳಿಗೆ ಮಾತ್ರ ಆ ಅವಕಾಶ. ಅಲ್ಲಿ ‘ವೈರಸ್’ ಎಂದು ಬರುವುದು ಎಷ್ಟೋ ಸಲ ಕ್ಯಾಲೆಂಡರ್‌ಗೆ ಸೇರಿಕೊಂಡ ಸಬ್‌ಸ್ಕ್ರಿಪ್ಶನ್. ಅದನ್ನು ಕ್ಯಾಲೆಂಡರ್‌ನಿಂದಲೇ ತೆಗೆಯಬೇಕು.

ಗ್ರಾಮ ಒನ್, ಸೈಬರ್ ಸೆಂಟರ್, ಜೆರಾಕ್ಸ್ ಅಂಗಡಿಗಳ ಕಂಪ್ಯೂಟರ್‌ಗಳದ್ದು ಇನ್ನೂ ಗಂಭೀರ ವಿಷಯ. ಒಂದೇ ಬ್ರೌಸರ್‌ನಲ್ಲಿ ದಿನಕ್ಕೆ ಹತ್ತಾರು ಜನರ ಆಧಾರ್, ಪಹಣಿ, ಜಾತಿ ಪ್ರಮಾಣಪತ್ರದ ಅರ್ಜಿ ತುಂಬುತ್ತಾರೆ. ಯಾರೋ ಒಬ್ಬರು ಅಲೋ ಒತ್ತಿದ್ದರೆ ಪರದೆಯ ಬಲಕೆಳಮೂಲೆಯಲ್ಲಿ ‘ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ’ ಎಂಬ ಪೆಟ್ಟಿಗೆಗಳು ಸಾಲುಗಟ್ಟುತ್ತವೆ. ಎದುರು ಕೂತ ಗ್ರಾಹಕ ಅದನ್ನು ನಿಜವೆಂದೇ ನಂಬುತ್ತಾನೆ. ಕ್ರೋಮ್ ಮುಚ್ಚಿದರೂ ಅವು ಬರುವುದಕ್ಕೆ ಕಾರಣ, ಕಿಟಕಿ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುವ ಆಯ್ಕೆ ವಿಂಡೋಸ್‌ನ ಕ್ರೋಮ್‌ನಲ್ಲಿರುವುದು. ‘ಸೆಟ್ಟಿಂಗ್ಸ್’ನಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’, ಅದರೊಳಗೆ ‘ಸೈಟ್ ಸೆಟ್ಟಿಂಗ್ಸ್’, ಅಲ್ಲಿ ‘ನೋಟಿಫಿಕೇಶನ್ಸ್’ಗೆ ಹೋಗಿ ಸೈಟುಗಳಿಗೆ ಅವಕಾಶವೇ ಬೇಡ ಎಂಬ ಆಯ್ಕೆ ಮಾಡಿ, ಕೆಳಗಿನ ಪಟ್ಟಿಯನ್ನೂ ಖಾಲಿ ಮಾಡಬೇಕು. ಕ್ರೋಮ್‌ನಲ್ಲಿ ಎರಡು ಮೂರು ಪ್ರೊಫೈಲ್ ಇದ್ದರೆ ಪ್ರತಿಯೊಂದರಲ್ಲೂ ಬೇರೆಯಾಗಿ ಮಾಡಬೇಕು. ಗ್ರಾಹಕರ ಕೆಲಸವನ್ನು ಇನ್‌ಕಾಗ್ನಿಟೊ (ಇತಿಹಾಸ ಉಳಿಸದ) ಕಿಟಕಿಯಲ್ಲಿ ಮಾಡುವುದು ಎಲ್ಲಕ್ಕಿಂತ ಮೇಲು. ಅಲ್ಲಿ ಸೈಟುಗಳಿಗೆ ನೋಟಿಫಿಕೇಶನ್ ಅನುಮತಿ ಸಿಗುವುದಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿದರೆ ಹಿಂದಿನ ಗ್ರಾಹಕನ ಲಾಗಿನ್ ಮುಂದಿನವನಿಗೆ ಸಿಗುವುದೂ ಇಲ್ಲ.

ಬ್ರೌಸರ್ ಕಂಪನಿಗಳು ಸುಮ್ಮನೆ ಕೂತಿಲ್ಲ. ಬಳಕೆದಾರರು ಪುಟವನ್ನು ಮುಟ್ಟದೆ ಅನುಮತಿ ಪೆಟ್ಟಿಗೆ ತೆರೆಯದಂತೆ ಫೈರ್‌ಫಾಕ್ಸ್ 2020ರ ಜನವರಿಯಲ್ಲೇ ಕಟ್ಟುಮಾಡಿತು. ಅದೇ ವರ್ಷ ಜುಲೈನಲ್ಲಿ ಬಂದ ಕ್ರೋಮ್ 84, ಮೋಸಕ್ಕೆ ಹೆಸರಾದ ಸೈಟುಗಳ ಪೆಟ್ಟಿಗೆಯನ್ನು ಅಡಗಿಸತೊಡಗಿತು. ಆದರೆ ಕ್ರೋಮ್‌ನ ಈ ಕಾವಲು ಕೆಲಸ ಮಾಡುವುದು ಸೈಟು ಕಪ್ಪುಪಟ್ಟಿಗೆ ಸೇರಿದ ಮೇಲೆ. ಕಳ್ಳರು ಅಷ್ಟರಲ್ಲಿ ಹೊಸ ಡೊಮೈನ್ ಕೊಂಡಿರುತ್ತಾರೆ. ನಮ್ಮ ಕಡೆ ಮಗ ಹೊಸ ಫೋನ್ ಕೊಂಡಾಗ ಹಳೆಯದು ಅಪ್ಪನಿಗೋ ಅಮ್ಮನಿಗೋ ಹೋಗುವುದು ವಾಡಿಕೆ. ಆಂಡ್ರಾಯ್ಡ್ 8 ಮತ್ತು 9ಕ್ಕೆ ಕ್ರೋಮ್ 138ನೇ ಆವೃತ್ತಿಯೇ ಕೊನೆ. ಹೊಸ ರಕ್ಷಣೆಗಳು ಅವರ ಫೋನಿಗೆ ತಲುಪುವುದಿಲ್ಲ. ಮೇಲೆ ಹೇಳಿದ ಸ್ವಿಚ್ಚನ್ನು ಆಫ್ ಮಾಡುವುದು ಅವರಿಗೇ ಹೆಚ್ಚು ಅಗತ್ಯ.

ನೋಟಿಫಿಕೇಶನ್ ಒತ್ತಿ, ಅದು ಹೇಳಿದ ಎಪಿಕೆ ಫೈಲ್ (ಪ್ಲೇ ಸ್ಟೋರ್‌ನ ಹೊರಗಿನಿಂದ ಇಳಿಸುವ ಆ್ಯಪ್) ಹಾಕಿಕೊಂಡಿದ್ದರೆ ಮಾತ್ರ ತಡ ಮಾಡಬೇಡಿ. ಪಿಎಂ ಕಿಸಾನ್, ಟ್ರಾಫಿಕ್ ದಂಡದ ಚಲನ್, ಮದುವೆ ಕರೆಯೋಲೆ ಎಂಬ ಹೆಸರಿನ ಎಪಿಕೆಗಳು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತವೆ. ಅದು ಸಿಕ್ಕರೆ ಒಟಿಪಿ ಅವರ ಕೈಯಲ್ಲಿದ್ದಂತೆಯೇ. ತಕ್ಷಣ ಏರೋಪ್ಲೇನ್ ಮೋಡ್ ಹಾಕಿ, ಆ ಆ್ಯಪ್ ತೆಗೆದುಹಾಕಿ. ಬೇರೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ಆನ್‌ಲೈನ್ ವ್ಯವಹಾರ ನಿಲ್ಲಿಸಿ. ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಕರೆ ಮಾಡಿದರೆ ಹಣ ಮುಂದಿನ ಖಾತೆಗಳಿಗೆ ಜಾರುವ ಮೊದಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಲಿಖಿತ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೋ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲೋ ಕೊಡಬಹುದು. ದೂರು ಕೊಡುವ ಉದ್ದೇಶವಿದ್ದರೆ ಅನುಮತಿ ತೆಗೆಯುವ ಮೊದಲೇ ನೋಟಿಫಿಕೇಶನ್ ಬಿಡಿಸಿ, ಬೂದು ಅಕ್ಷರದ ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಬ್ಯಾಂಕಿನ ಅಥವಾ ಸರ್ಕಾರದ ಹೆಸರು ಹಾಕಿಕೊಂಡು ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು ಶಿಕ್ಷೆ ಇರುವ ಅಪರಾಧ.

ಈಗ ತಮ್ಮಲ್ಲಿ ಮನವಿ. ಕನ್ನಡದ ಸುದ್ದಿತಾಣಗಳನ್ನು ತೆರೆದರೆ ಮೊದಲ ಸುದ್ದಿ ಓದುವ ಮುಂಚೆಯೇ ನೋಟಿಫಿಕೇಶನ್ ಅನುಮತಿ ಕೇಳುವ ಪೆಟ್ಟಿಗೆ ಎದುರಾಗುವುದು ಮಾಮೂಲಾಗಿದೆ. ಓದುಗರು ಸುದ್ದಿ ಕಾಣಲಿ ಎಂದು ಅಲೋ ಒತ್ತುತ್ತಾರೆ. ಏನು ಕೇಳಿದರು, ಏಕೆ ಕೇಳಿದರು ಎಂದು ಓದದೆ ಒತ್ತುವ ರೂಢಿಯನ್ನು ಬೆಳೆಸಿದ್ದು ಮರ್ಯಾದಸ್ಥ ತಾಣಗಳೇ. ಅದರ ಫಲ ಉಣ್ಣುತ್ತಿರುವವರು ಕಳ್ಳರು. ಇದು ನಮಗೆ ನಿಜಕ್ಕೂ ನೋವಿನ ಸಂಗತಿ. ತಮ್ಮ ತಾಣದಲ್ಲಿ ಪುಟ ತೆರೆದ ಕೂಡಲೇ ಕೇಳುವುದನ್ನು ದಯವಿಟ್ಟು ನಿಲ್ಲಿಸಿ. ಪುಟದ ಮೂಲೆಯಲ್ಲಿ ಗಂಟೆಯ ಗುರುತಿಟ್ಟು, ಓದುಗರು ತಾವಾಗಿ ಅದನ್ನು ಒತ್ತಿದಾಗ ಮಾತ್ರ ಕೇಳಿ. ಬೇಕಾದವರು ಒತ್ತಿಯೇ ಒತ್ತುತ್ತಾರೆ.

ಜಾಹೀರಾತುಗಳ ಕಡೆಗೂ ಗಮನ ಬೇಕು. ಹೊರಗಿನ ಏಜೆನ್ಸಿಗಳ ಜಾಹೀರಾತು ಚೌಕಟ್ಟಿಗೆ ಇಡೀ ಪುಟವನ್ನು ಬೇರೆಡೆಗೆ ತಿರುಗಿಸುವ, ಹೊಸ ಟ್ಯಾಬ್ ತೆರೆಯುವ ಅಧಿಕಾರ ಸಿಗದಂತೆ ತಮ್ಮ ತಾಂತ್ರಿಕ ವಿಭಾಗ ಕಟ್ಟಿಹಾಕಬಹುದು. ಸುದ್ದಿ ಓದುತ್ತಿದ್ದವರು ರೋಬಾಟ್ ಪುಟಕ್ಕೆ ಹೋಗಿ ಬೀಳುವ ದಾರಿಗಳಲ್ಲಿ ಅದೂ ಒಂದು. ತಾಲ್ಲೂಕು ಮಟ್ಟದಲ್ಲಿ ಸುದ್ದಿ ಪೋರ್ಟಲ್ ನಡೆಸುವವರಿಗೂ ಒಂದು ಮಾತು: ಪೋರ್ಟಲ್ ನಿಲ್ಲಿಸಿದರೂ ಡೊಮೈನ್ ಅನ್ನು ಸುಮ್ಮನೆ ಕೈಬಿಡಬೇಡಿ. ಅದನ್ನು ಬೇರೆಯವರು ಕೊಂಡರೆ, ನಿಮ್ಮನ್ನು ನಂಬಿ ಓದುಗರು ಕೊಟ್ಟ ಅನುಮತಿ ಬ್ರೌಸರ್‌ನಲ್ಲಿ ಹಾಗೇ ಉಳಿದಿರಬಹುದು. ಹಳೆಯ ಕೊಂಡಿ ಒತ್ತಿ ಅವರು ಒಮ್ಮೆ ಒಳಬಂದರೆ ಹೊಸ ಮಾಲೀಕರು ಕೇಳದೆಯೇ ನೋಟಿಫಿಕೇಶನ್ ಶುರು ಮಾಡಬಹುದು.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನ ಅಧಿಕೃತ ತಾಣದ ವಿಳಾಸವನ್ನು ತಾವು ಮುದ್ರಿಸುತ್ತೀರಿ. ಅದರ ಪಕ್ಕದಲ್ಲೇ ‘ಫಲಿತಾಂಶ ನೋಡಲು ಯಾವ ಅನುಮತಿಯೂ ಬೇಕಿಲ್ಲ, ಅಲೋ ಕೇಳುವ ಪುಟವನ್ನು ಮುಚ್ಚಿಬಿಡಿ’ ಎಂಬ ಒಂದು ಸಾಲು ಸೇರಿಸಿ. ಜೊತೆಗೆ ಕ್ರೋಮ್‌ನಲ್ಲಿ ಅನುಮತಿ ತೆಗೆಯುವ ಹಂತಗಳನ್ನು, ಫೋನಿನಲ್ಲಿ ಕಾಣುವ ಕನ್ನಡ ಪದಗಳಲ್ಲೇ, ಚಿತ್ರ ಸಮೇತ ಜಿಲ್ಲಾ ಪುಟದಲ್ಲಿ ಆಗಾಗ ಪ್ರಕಟಿಸಿ. ಹಾಗೆ ಬಂದ ಚಿತ್ರವನ್ನು ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿಕೊಳ್ಳಲು ಸಿಂಧನೂರು, ಗಂಗಾವತಿ, ಸಿರುಗುಪ್ಪದ ಎಷ್ಟೋ ರಿಪೇರಿಯವರು ಸಿದ್ಧರಿದ್ದಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಮೊಬೈಲ್ ಮತ್ತು ಕಂಪ್ಯೂಟರ್ ದುರಸ್ತಿ ಕೆಲಸಗಾರರು
ಸಿಂಧನೂರು, ರಾಯಚೂರು ಜಿಲ್ಲೆ